ನಿಮ್ಮ ಮಗನ ಬಾಯಲ್ಲಿ ಉಳಿದ ಒಂದೇ ಮಾತು

ಅತ್ತೆ,

ಕರ್ತನ ಹೆಸರಿನಲ್ಲಿ ವಂದನೆಗಳು ಎಂದು ಶುರು ಮಾಡಬೇಕು. ನೀವು ಯಾರಿಗೆ ಬರೆದರೂ ಹಾಗೇ ಶುರು ಮಾಡುತ್ತಿದ್ದಿರಿ. ಆದರೆ ನೀವೀಗ ಅವನ ಹತ್ತಿರವೇ ಇರುವಾಗ ನಾನು ಇಲ್ಲಿಂದ ಕಳಿಸುವ ವಂದನೆ ಯಾವ ಲೆಕ್ಕ? ನಾವು ಇಲ್ಲಿ ಕ್ಷೇಮ ಎಂದು ಬರೆಯುವುದಕ್ಕೂ ಕೈ ಬರುತ್ತಿಲ್ಲ. ನನಗೆ ಸಾಕಾಗಿದೆ, ಅತ್ತೆ. ಮೈ ದಣಿದಿದ್ದರೆ ಒಂದು ಮಧ್ಯಾಹ್ನ ಮಲಗಿ ಎದ್ದರೆ ಸರಿಹೋಗುತ್ತಿತ್ತು. ಇದು ಅದಲ್ಲ. ಯಾರಾದರೂ ಬಾಗಿಲು ತಟ್ಟಿದರೆ, ತೆಗೆಯುವುದಕ್ಕೆ ಮೊದಲೇ, ಬಂದವರು ಏನು ಹೇಳುತ್ತಾರೋ, ಅದಕ್ಕೆ ನಾನೇನು ಹೇಳಬೇಕೋ ಎಂದು ಯೋಚಿಸಿಯೇ ಸುಸ್ತಾಗುತ್ತದೆ. ಒಂಟಿಕೊಪ್ಪಲಿನ ಈ ಮನೆಗೆ ಜನ ಬಂದರೆ ಮೊದಲೆಲ್ಲ ನಾನೇ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದೆ.

ನೀವು ಹೋಗಿ ಒಂದು ವರ್ಷವಾಗಿ, ನಿಮ್ಮ ಸ್ಮರಣೆಯ ಪ್ರಾರ್ಥನೆಯೂ ಮುಗಿದಿತ್ತು. ಆಮೇಲೆ ಒಂದು ದಿನ ಇವರು ಎಂದಿನ ಹಾಗೆ ದೇವರಾಜ ಮೊಹಲ್ಲಾದ ಸೀರೆ ಅಂಗಡಿಗೆ ಹೋದರು. ಯಾರೋ ಮದುವೆಗೆ ಸೀರೆ ತೆಗೆಯಲು ಬಂದಿದ್ದರಂತೆ. "ಬನ್ನಿ ತಾಯಿ, ಕೂತ್ಕೊಳಿ ತಾಯಿ, ತಗೊಳ್ದಿದ್ರೂ ಪರ್ವಾಗಿಲ್ಲ, ನೋಡಿ" ಎಂದು ಅವರದೇ ಧಾಟಿಯಲ್ಲಿ ಶುರು ಮಾಡಿ, ಒಂದು ಸೀರೆಯ ಸೆರಗು ಬಿಡಿಸಿ ಹಿಡಿದವರು ಹಾಗೇ ನಿಂತುಬಿಟ್ಟರಂತೆ. ಬಾಯಿ ಆಡುತ್ತಿತ್ತಂತೆ, ಮಾತಿಲ್ಲ. ಲಕ್ವ ಹೊಡೆದಿತ್ತು, ಅತ್ತೆ. ಬಲಗೈ, ಬಲಗಾಲು, ಅದರ ಜೊತೆಗೆ ಮಾತು. ಆಸ್ಪತ್ರೆಯಲ್ಲಿ ಅವರ ತಲೆಯ ಹತ್ತಿರ ಕೂತುಕೊಂಡು, ಇದನ್ನು ನೋಡುವುದಕ್ಕೆ ನೀವು ಇಲ್ಲವಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದೆ. ಮರುಗಳಿಗೆಯೇ, ನೀವು ಇದ್ದಿದ್ದರೆ ನಾನು ಸ್ವಲ್ಪ ಮಲಗಬಹುದಿತ್ತು ಎಂದು ಅತ್ತುಬಿಟ್ಟೆ.

ಮನೆಗೆ ಕರೆದುಕೊಂಡು ಬಂದು ಸ್ವಲ್ಪ ದಿನಕ್ಕೆ, ನಾನು ಗಂಜಿ ಕುಡಿಸುವಾಗ, ಅವರ ಬಾಯಿಂದ ಮೊದಲ ಮಾತು ಬಂತು. ಯಾವ ಮಾತು ಎಂದು ನಿಮಗೆ ಬರೆಯುವುದು ಹೇಗೆ? ಬರೆಯದೆ ಈ ಪತ್ರ ಮುಂದಕ್ಕೂ ಹೋಗುವುದಿಲ್ಲ. "ಬಡ್ಡೀಮಗ" ಅಂದರು, ಅತ್ತೆ. ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ. ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅವರ ಮುಖ ನೋಡಿದರೆ ನನಗಿಂತ ಹೆಚ್ಚು ಗಾಬರಿ. ಏನೋ ಬೇರೆ ಹೇಳಲು ಹೊರಟಿದ್ದರು, ಬಾಯಿ ಇದನ್ನು ಹೇಳಿತ್ತು. ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ. ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಸಲ, ಅದೇ.

ಡಾಕ್ಟರು ಕಾಗದದ ಮೇಲೆ ಮಿದುಳಿನ ಚಿತ್ರ ಬರೆದು ತೋರಿಸಿದರು. ನಾವು ಯೋಚನೆ ಮಾಡಿ ಆಡುವ ಮಾತು ಒಂದು ಕಡೆಯಿಂದ ಬರುತ್ತದಂತೆ. ಅಯ್ಯೋ, ಥೂ, ಬೈಗುಳ, ಇಂಥವು ಇನ್ನೊಂದು ಕಡೆಯಿಂದ. ಮೊದಲನೆಯದು ಕೆಟ್ಟಿದೆ, ಎರಡನೆಯದರಲ್ಲಿ ಇದೊಂದು ಸಿಕ್ಕಿಕೊಂಡಿದೆ. "ಅವ್ರಿಗೆ ಎಲ್ಲಾ ಅರ್ಥ ಆಗುತ್ತಮ್ಮ, ಹೇಳಕ್ಕೆ ಆಗಲ್ಲ ಅಷ್ಟೇ. ಮನಸ್ಸಲ್ಲಿ ಕೆಟ್ಟದ್ದಿದೆ ಅಂತ ತಿಳ್ಕೋಬೇಡಿ" ಎಂದರು. ನಾನು ತಿಳಿದುಕೊಳ್ಳಲಿಲ್ಲ. ಅಂಗಡಿಯ ಹಿಂದೆ ಮೂಟೆ ಇಳಿಸುವವರ ನಡುವೆ ಅಷ್ಟು ವರ್ಷ ಇದ್ದವರು, ಆ ಮಾತು ಕಿವಿಗೆ ಬಿದ್ದಿರುವುದಿಲ್ಲವೇ? ಆದರೆ ಬಾಯಿಗೆ ಬಂದದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಅದಕ್ಕೆ ಕಾರಣ ನೀವೇ ಅಲ್ಲವೇ?

ನೀವೇ ಒಮ್ಮೆ ಅವರೆಕಾಯಿ ಬಿಡಿಸುತ್ತಾ ಹೇಳಿದ್ದಿರಿ. ಇವರು ಚಿಕ್ಕವರಿದ್ದಾಗ ಬೀದಿಯಿಂದ ಇದೇ ಮಾತನ್ನು ಕಲಿತು ಮನೆಗೆ ತಂದರಂತೆ. ನೀವು ಹೊಡೆಯಲಿಲ್ಲವಂತೆ. ಕನ್ನಡಿಯ ಮುಂದೆ ನಿಲ್ಲಿಸಿ, "ಎಲ್ಲಿ, ಅವ್ನಿಗೆ ಹೇಳು ನೋಡಣ" ಅಂದಿರಂತೆ. ಇವರು ತಮ್ಮನ್ನೇ ನೋಡಿಕೊಂಡು ನಿಂತು, ಹೇಳಲಾರದೆ ಅತ್ತುಬಿಟ್ಟರಂತೆ. "ಅವತ್ತಿಂದ ನನ್ ಸುಕು ಬಾಯಲ್ಲಿ ಒಂದ್ ಕೆಟ್ ಮಾತು ಬಂದಿಲ್ಲ ಕಣಮ್ಮ" ಎಂದು ಎಷ್ಟು ಹೆಮ್ಮೆಯಿಂದ ಹೇಳಿದ್ದಿರಿ. ನನಗೆ ಆಗ ನಗು ಬಂದಿತ್ತು. ಈಗ ಆ ಕನ್ನಡಿಯ ಮೇಲೆ ಟವೆಲ್ ಹಾಕಿಟ್ಟಿದ್ದೇನೆ, ಅತ್ತೆ.

ಮಾತಿನ ವಿಷಯದಲ್ಲಿ ನೀವು ಬೇರೆಯವರಿಗಿಂತ ನಿಮಗೇ ಹೆಚ್ಚು ಕಾವಲಿಟ್ಟುಕೊಂಡಿದ್ದಿರಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಚಾಮರಾಜಪುರಂನಲ್ಲಿ ಯಾರೋ ಮಲಗಿದ್ದಾರೆಂದು ನೋಡಲು ಕರೆದುಕೊಂಡು ಹೋಗಿದ್ದಿರಿ. ಅವರ ಮನೆ ಬಾಗಿಲಲ್ಲಿ ನಿಂತು, ಸೆರಗಿನ ಗಂಟು ಬಿಚ್ಚಿ, ಒಂದು ಲವಂಗ ನಿಮ್ಮ ಬಾಯಿಗೆ, ಒಂದು ನನ್ನ ಬಾಯಿಗೆ. "ಕಾಯಿಲೆಯೋರ ಮನೇಲಿ ಇದು ನಾಲ್ಗೆ ಮೇಲೆ ಇರ್ಬೇಕು. ಚುರ್ ಅಂತಾ ಇದ್ರೆ ಮಾತು ತಾನೇ ಕಮ್ಮಿ ಆಯ್ತದೆ." ನಾನು ನಕ್ಕಿದ್ದಕ್ಕೆ, "ನಗಬ್ಯಾಡ. ಅಷ್ಟು ವರ್ಷ ನರ್ಸಾಗಿ ನೋಡಿವ್ನಿ. ನೋವಿಗೆ ಅಳೋರಿಗಿಂತ ನೋಡಕ್ ಬಂದೋರ ಮಾತಿಗೆ ಅಳೋರೇ ಜಾಸ್ತಿ" ಅಂದಿರಿ. ಆ ಮನೆಯಲ್ಲಿ ನೀವು ಮಾತೇ ಆಡಲಿಲ್ಲ ಅನ್ನಬಹುದು. ಅವರ ದಿಂಬು ಸರಿ ಮಾಡಿದಿರಿ, ಪಾದ ತಣ್ಣಗಿದೆ ಎಂದು ಹೊದಿಕೆ ಎಳೆದಿರಿ, ಚಿಕ್ಕದಾಗಿ ಪ್ರಾರ್ಥನೆ ಮಾಡಿ ಎದ್ದಿರಿ.

ನನ್ನ ಹೊಟ್ಟೆಯಲ್ಲಿದ್ದದ್ದು ಹೋದಾಗಲೂ ಹಾಗೇ. ಬಂದವರೆಲ್ಲ ಒಂದೊಂದು ಹೇಳಿದರು. ದೇವರ ಚಿತ್ತ ಎಂದರು ಒಬ್ಬರು. ಏನೋ ಕಲಿಸುವುದಕ್ಕೇ ಹೀಗೆ ಮಾಡಿದ್ದಾನೆ ಎಂದರು ಇನ್ನೊಬ್ಬರು. ಮಗುವನ್ನು ತೆಗೆದುಕೊಂಡು ಕಲಿಸುವ ಪಾಠ ಯಾವುದು ಎಂದು ಕೇಳುವ ಶಕ್ತಿಯೂ ನನಗಿರಲಿಲ್ಲ. ಎಲ್ಲರೂ ಹೋದ ಮೇಲೆ ನೀವು ಬಾಚಣಿಗೆ ತಂದು ನನ್ನ ಸಿಕ್ಕುಗಟ್ಟಿದ ತಲೆ ಬಾಚಿದಿರಿ. ಜಡೆ ಹಾಕಿ ಮುಗಿಸಿ ಅಂದದ್ದು ಇಷ್ಟೇ. "ದೇವ್ರು ನಿನ್ ಮೇಲೆ ಸಿಟ್ಟಾಗಿಲ್ಲ ಕಣಮ್ಮ. ಅಷ್ಟು ನಂಬು, ಸಾಕು. ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕೊಳಣ." ಆಮೇಲೆ ಮಕ್ಕಳಾಗಲಿಲ್ಲ. ಆದರೂ ಅಷ್ಟನ್ನು ಹೇಗೋ ನಂಬಿಕೊಂಡೇ ಬಂದೆ. ಈ ವರ್ಷ ಅದೂ ಕೈಜಾರಿ ಹೋಗುತ್ತಿದೆ ಅನ್ನಿಸಿತ್ತು.

ಇಲ್ಲಿಂದ ಮುಂದಿನದು ಹೇಳಲು ಕಷ್ಟ. ಆ ಒಂದು ಮಾತಿನಲ್ಲೇ ನಾವು ಹೇಗೋ ಸಂಸಾರ ಮಾಡುವುದನ್ನು ಕಲಿತಿದ್ದೆವು, ಅತ್ತೆ. ಬೆಳಿಗ್ಗೆ ಕಾಫಿ ಲೋಟ ಕೊಟ್ಟಾಗ ಮೆಲ್ಲಗೆ ಎಳೆದು ಹೇಳಿದರೆ ಸಂತೋಷವಾಯಿತು ಎಂದು. ಫ್ಯಾನು ಜೋರಾದರೆ ಚುಟುಕಾಗಿ. ಬಟ್ಟೆ ಒದ್ದೆಯಾದರೆ ನೆಲ ನೋಡಿಕೊಂಡು, ಕೇಳಿಯೂ ಕೇಳದ ಹಾಗೆ. ನಾನು ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿ, ಎಲ್ಲಿ ಹೋದೆ ಎಂಬಂತೆ. ಪದಗಳು ಇದ್ದಾಗಲೂ ಇವರು ನನ್ನ ಜೊತೆ ಇಷ್ಟು ಮಾತಾಡಿರಲಿಲ್ಲವೇನೋ. ಅಂಗಡಿಯಲ್ಲಿ ಎಲ್ಲಾ ಮಾತೂ ಖರ್ಚಾಗಿ ಮನೆಗೆ ಬರುತ್ತಿದ್ದರಲ್ಲ! ಮನೆಗೆ ಬಂದು ಮಾತು ಕಲಿಸುವ ಹುಡುಗಿ ಚೈತ್ರಾ ಕೂಡ ಒಳ್ಳೆಯದೇ ಆಯಿತು ಅಂದಳು. "ಬಾಯಿಗೆ ಏನ್ ಬರುತ್ತೋ ಬರ್ಲಿ ಆಂಟಿ, ತಡೀಬೇಡಿ. ಒಂದು ಬರ್ತಾ ಇದ್ರೆ ಇನ್ನೊಂದನ್ನ ಎಳ್ಕೊಂಡು ಬರ್ಬೋದು. ಅದೂ ನಿಂತೋದ್ರೆ ಕಷ್ಟ."

ಹೀಗಿರುವಾಗ ದೇವಾಲಯದ ಕೂಟದವರು ನಮ್ಮ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡರು. ನಾನೂ ಒಪ್ಪಿದೆ. ಕೀರ್ತನೆ ಎತ್ತಿದರು. ನಿಮ್ಮ ಮಗನಿಗೆ ಹಾಡೆಂದರೆ ಗೊತ್ತಲ್ಲ. ಕುರ್ಚಿಯಲ್ಲಿ ಕೂತಿದ್ದವರು ತಲೆ ಎತ್ತಿದರು, ಕಣ್ಣು ಮುಚ್ಚಿಕೊಂಡರು, ಹಾಡಿಗೆ ಸೇರಿಕೊಂಡೇಬಿಟ್ಟರು. ರಾಗ ಒಂದಿಷ್ಟೂ ತಪ್ಪಲಿಲ್ಲ. ಅದೇ ಹಳೆಯ ದಪ್ಪ ಧ್ವನಿ. ಸಾಲು ಸಾಲಿಗೂ, ಕರ್ತನ ಹೆಸರು ಬರುವ ಜಾಗದಲ್ಲೂ, ಅದೊಂದೇ ಮಾತು. ಒಬ್ಬೊಬ್ಬರಾಗಿ ಹಾಡುವುದನ್ನು ನಿಲ್ಲಿಸಿದರು. ಕೊನೆಗೆ ಇವರೊಬ್ಬರದೇ ಧ್ವನಿ ಹಾಲ್‌ನಲ್ಲಿ. ಎಲ್ಲರೂ ನಿಲ್ಲಿಸಿದ್ದಾರೆ ಎಂದು ಅವರಿಗೆ ಗೊತ್ತಾಗಲೇ ಇಲ್ಲ. ಅಷ್ಟು ತಿಂಗಳಲ್ಲಿ ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ.

ಸರೋಜಿನಿ ಅಕ್ಕ ತಕ್ಷಣ ಪ್ರಾರ್ಥನೆಗೆ ನಿಂತರು. ಗೊತ್ತಲ್ಲ ನಿಮಗೆ, ಕೂಟದ ಕಾರ್ಯದರ್ಶಿ, ನಿಮ್ಮ ಕೈಯ ಕಲ್ಕಲ್ ತಿನ್ನುವುದಕ್ಕೇ ಕ್ರಿಸ್‌ಮಸ್ಸಿಗೆ ಎರಡು ಸಲ ಬರುತ್ತಿದ್ದವರು. "ಹೃದಯಗಳನ್ನು ಶೋಧಿಸುವ ಕರ್ತನೇ, ಈ ಸಹೋದರನ ಒಳಗೆ ಇಷ್ಟು ವರ್ಷ ಅಡಗಿದ್ದದ್ದನ್ನು ನೀನು ಹೊರಗೆ ತಂದಿದ್ದೀ. ಇವನ ನಾಲಿಗೆಯನ್ನು ಶುದ್ಧಿ ಮಾಡು. ಈ ಮನೆಗೆ ಪಶ್ಚಾತ್ತಾಪವನ್ನು ದಯಪಾಲಿಸು..." ಇನ್ನೂ ಏನೇನೋ. ಕೂಟದವರು ಯಾರಾದರೂ ಹೀಗೆ ಕಣ್ಣು ಮುಚ್ಚಿಕೊಂಡು ಬುದ್ಧಿ ಹೇಳಿದಾಗಲೆಲ್ಲ ನೀವು ಆಮೇಲೆ ನನ್ನ ಕಿವಿಯಲ್ಲಿ, "ಅರ್ಜಿ ದೇವ್ರಿಗೆ, ನಕಲು ನಮಗೆ" ಅನ್ನುತ್ತಿದ್ದಿರಿ. ಅದು ನೆನಪಾದರೂ ನಗು ಬರಲಿಲ್ಲ. ಮುಖಕ್ಕೆ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪ್ರಾರ್ಥನೆಗೆ ಎದುರು ಮಾತಾಡುವುದು ಹೇಗೆ? ಎಲ್ಲರೂ ಕೂಡಿ ಆಮೆನ್ ಅಂದರು. ನಾನು ಕಣ್ಣು ತೆರೆದು ನೋಡಿದರೆ, ಇವರು ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಆ ಕೈ ಮತ್ತೆ ಇಳಿಯಲಿಲ್ಲ. ಊಟಕ್ಕೆ ತೆಗೆಯುವರು, ನುಂಗಿ ಮುಚ್ಚಿಕೊಳ್ಳುವರು. ಕಾಫಿ ಕೊಟ್ಟರೂ ಇಲ್ಲ, ಫ್ಯಾನಿಗೂ ಇಲ್ಲ. ಚೈತ್ರಾ ಬಂದು ಚಿತ್ರದ ಕಾರ್ಡು ತೋರಿಸಿದರೆ ಗೋಡೆಯ ಕಡೆ ತಿರುಗುವರು. ವಾರಗಳು ಹೋದವು. "ಹಿಂಗೇ ಬಿಟ್ರೆ ಇದ್ದಿದ್ದೂ ಹೋಗ್ಬಿಡುತ್ತೆ ಆಂಟಿ" ಎಂದು ಆ ಹುಡುಗಿ ಮುಖ ಚಿಕ್ಕದು ಮಾಡಿಕೊಂಡಳು. ನನಗೆ ಎಷ್ಟು ಭಯವಾಯಿತು ಎಂದರೆ, ಒಂದು ಮಧ್ಯಾಹ್ನ ಅವರ ಮುಂದೆ ನೆಲದ ಮೇಲೆ ಕೂತು, "ಬಯ್ರೀ, ಒಂದ್ ಸಲ ಬಯ್ರೀ, ನನ್ನೇ ಬಯ್ರೀ" ಎಂದು ಬೇಡಿಕೊಂಡೆ. ಕೊನೆಗೆ ನಾನೇ ಅವರಿಗೆ ಆ ಮಾತನ್ನು ಹೇಳಿಕೊಟ್ಟೆ. ಹೌದು ಅತ್ತೆ, ನಿಮ್ಮ ಸೊಸೆಯೇ, ನಿಮ್ಮ ಫೋಟೋದ ಕೆಳಗೇ ಕೂತು, ಗಟ್ಟಿಯಾಗಿ, ಮತ್ತೆ ಮತ್ತೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡ ಸದ್ದು ಕೇಳಿಸಿತು. ಇವರ ಕಣ್ಣು ಒಂದು ಕ್ಷಣ ನಕ್ಕ ಹಾಗಾಯಿತು. ಕೈ ಮಾತ್ರ ಇಳಿಯಲಿಲ್ಲ.

ಪ್ರಾರ್ಥನೆ ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಲಿಲ್ಲ. ಮೊಣಕಾಲೂರಿದರೆ ಸರೋಜಿನಿ ಅಕ್ಕನ ಧ್ವನಿಯೇ ಕಿವಿಯಲ್ಲಿ. ಇದು ನಿಜವಾಗಿಯೂ ದೇವರ ಕೆಲಸವೇ? ಒಬ್ಬ ಮನುಷ್ಯನ ಬಾಯಿಂದ ಎಲ್ಲಾ ಒಳ್ಳೆಯ ಮಾತನ್ನೂ ತೆಗೆದುಕೊಂಡು ಇದೊಂದನ್ನು ಬಿಟ್ಟು, ನಾಲ್ಕು ಜನರ ಮುಂದೆ ಅವಮಾನ ಮಾಡುವವನೇ ಅವನು? ಹಾಗಿದ್ದರೆ ನೀವು ನನ್ನ ತಲೆ ಬಾಚುತ್ತಾ ಹೇಳಿದ್ದು... ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದನ್ನೇ ಯೋಚಿಸುತ್ತಾ ಕೂತಿದ್ದೆ. ಆ ಒಂದು ಹಾಳು ಮಾತಿನಲ್ಲೇ ಇವರಿಗೆ ಬಾಯಾರಿದೆಯೋ, ನಾಚಿಕೆಯಾಗಿದೆಯೋ, ನಾನು ಹತ್ತಿರ ಇರಬೇಕೋ ಎಂದು ನನಗೆ ತಿಳಿಯುತ್ತಿತ್ತು. ನಾನು ಬೇಗ ಸಿಡುಕುವವಳು, ಅರ್ಧ ಗಮನ ಒಲೆಯ ಮೇಲಿಟ್ಟುಕೊಂಡು ಕೇಳುವವಳು. ನನಗೇ ಕೇಳಿಸುವುದು ಅವನಿಗೆ ಕೇಳಿಸುವುದಿಲ್ಲವೇ? ಕೂಟದವರು ಹಾಡು ನಿಲ್ಲಿಸಿದಾಗ ಅವನೂ ನಿಲ್ಲಿಸಿ ಎದ್ದುಹೋದನೇ? ಹೋಗಿರಲಾರ. ಅಷ್ಟು ಮಾತ್ರ ನಂಬಲು ನನ್ನಿಂದ ಆಯಿತು. ನಂಬಿ, ಮಿಕ್ಕ ಬಟ್ಟೆ ಒಗೆದು ಹರಡಿದೆ.

ನೀವು ನೋಡದ ಹೊಸ ಪಾದ್ರಿ ಅಯ್ಯನವರು ಬಂದಿದ್ದಾರೆ ನಮ್ಮ ಸಭೆಗೆ, ಚಿಕ್ಕ ವಯಸ್ಸು. ಕಳೆದ ವಾರ ಮನೆಗೆ ಬಂದರು. ಪ್ರಸಂಗ ಮಾಡುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತೆ. ಅವರು ಇವರ ಪಕ್ಕ ಕೂತು ಕಾಫಿ ಕುಡಿದರು, ಅಷ್ಟೇ. ಎದ್ದಾಗ, "ಭಾನುವಾರ ಕರ್ತನ ಭೋಜನದ ಸಂಸ್ಕಾರ ಇದೆ, ಕರ್ಕೊಂಡು ಬನ್ನಿ ಅಮ್ಮ" ಅಂದರು. "ಅಯ್ನೋರೇ, ಅಲ್ಲಿ ಬಾಯಲ್ಲಿ ಏನಾದ್ರೂ ಬಂದ್ಬುಟ್ರೆ?" ಎಂದೆ. "ಬಂದ್ರೆ ಬರ್ಲಿ ಬಿಡಿ" ಅಂದರು. ಇಷ್ಟು ದಿನದಲ್ಲಿ ನನ್ನ ಮೈ ಹಗುರಾದದ್ದು ಆ ಮಾತಿಗೆ.

ನಿನ್ನೆ ಭಾನುವಾರ. ಇವರಿಗೆ ಬಿಳಿ ಶರ್ಟು ಹಾಕಿದೆ, ಆಟೋ ಕರೆಸಿದೆ. ದೇವಾಲಯದಲ್ಲಿ ಇಷ್ಟು ವರ್ಷ ಇವರು ನಿಂತು ವಾಕ್ಯ ಓದುತ್ತಿದ್ದ ಜಾಗದಲ್ಲಿ ಬೇರೆ ಯಾರೋ ನಿಂತು ಓದಿ ಮುಗಿಸಿದರು. ಇವರು ಬಾಯಿಯ ಮೇಲೆ ಕೈಯಿಟ್ಟು ಕೂತೇ ಇದ್ದರು. ರೊಟ್ಟಿ ತೆಗೆದುಕೊಳ್ಳುವ ಸರದಿ ಬಂದಾಗ ನಾನು ತೋಳು ಹಿಡಿದು ಮುಂದಕ್ಕೆ ಕರೆದುಕೊಂಡು ಹೋದೆ. ಎಲ್ಲರೂ ಅಂಗೈ ಚಾಚುತ್ತಾರೆ. ಇವರ ಬಲಗೈ ಏಳುವುದಿಲ್ಲ, ಎಡಗೈ ಬಾಯಿ ಬಿಡುವುದಿಲ್ಲ. ಅಯ್ಯನವರು ರೊಟ್ಟಿಯ ತುಣುಕು ಹಿಡಿದು ಸುಮ್ಮನೆ ನಿಂತರು. ಕೈ ತೆಗೆಯಿರಿ ಎನ್ನಲಿಲ್ಲ, ಮುಂದಿನವರ ಕಡೆಗೂ ಹೋಗಲಿಲ್ಲ. ಹಿಂದೆ ಜನ ಸಾಲಾಗಿ ನಿಂತಿದ್ದರು, ಯಾರೋ ಕೆಮ್ಮಿದರು. ಇವರು ಆ ತುಣುಕನ್ನೇ ನೋಡುತ್ತಿದ್ದರು. ಮೆಲ್ಲಗೆ ಕೈ ಇಳಿಯಿತು. ಬಾಯಿ ತೆರೆಯಿತು. ಎಲ್ಲರೂ ಆಮೆನ್ ಎನ್ನುವ ಆ ಹೊತ್ತಿನಲ್ಲಿ ಇವರ ಬಾಯಿಂದ ಬಂದದ್ದು ಅದೇ. ದೇವಾಲಯದ ಕೊನೆಯ ಬೆಂಚಿಗೂ ಕೇಳಿಸುವಷ್ಟು.

ಇವರು ಹೆದರಿ ಮತ್ತೆ ಕೈ ಎತ್ತಲು ಹೋದರು. ಅಷ್ಟರಲ್ಲಿ ಅಯ್ಯನವರು ಆ ತುಣುಕನ್ನು ಅವರ ನಾಲಿಗೆಯ ಮೇಲೆ ಇಟ್ಟರು. ಆ ಮಾತಾಡಿದ ನಾಲಿಗೆಯ ಮೇಲೇ, ಅತ್ತೆ. ಇಟ್ಟು, ನಕ್ಕು, ಪಕ್ಕದವರ ಕಡೆಗೆ ಹೋದರು.

ಆರಾಧನೆ ಮುಗಿದ ಮೇಲೆ ಸರೋಜಿನಿ ಅಕ್ಕ ನಮ್ಮ ಹತ್ತಿರ ಬಂದರು. "ಲೀಲಾ, ನಾನು ಅವತ್ತು..." ಎಂದು ಶುರು ಮಾಡಿ ನಿಲ್ಲಿಸಿದರು. ಮುಂದಿನದು ಹೇಳಲಿ ಎಂದು ನಾನು ಕಾಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಅವರು ಇವರ ಇನ್ನೊಂದು ತೋಳು ಹಿಡಿದು ಆಟೋವರೆಗೆ ಬಂದರು. ಸಿಟ್ಟು ಪೂರ್ತಿ ಹೋಗಿದೆ ಎಂದು ನಿಮಗೆ ಸುಳ್ಳು ಬರೆಯುವುದಿಲ್ಲ. ಆದರೆ ಅದನ್ನು ಹೊತ್ತುಕೊಂಡು ತಿರುಗುವಷ್ಟು ಶಕ್ತಿ ಈಗ ನನಗಿಲ್ಲ.

ಮನೆಗೆ ಬಂದು ಅನ್ನ, ಕೋಳಿಸಾರು ಬಡಿಸಿದೆ. ಇವರು ಬಾಯಿ ಮುಚ್ಚಿಕೊಂಡ ಮೇಲೆ ನಮ್ಮ ಮನೆಯಲ್ಲಿ ಊಟದ ಪ್ರಾರ್ಥನೆಯೂ ನಿಂತಿತ್ತು. ನಾನು ಚಮಚ ಎತ್ತಿಕೊಂಡು ಅವರಿಗೆ ತಿನ್ನಿಸಲು ಹೋದೆ. ಇವರು ಎಡಗೈಯಿಂದ ನನ್ನ ಕೈ ಹಿಡಿದು ಕೆಳಗಿಟ್ಟರು. ತಲೆ ಬಾಗಿಸಿದರು, ಕಣ್ಣು ಮುಚ್ಚಿದರು, ಶುರು ಮಾಡಿದರು. ಅದೇ ಮಾತು. ಆದರೆ ಅದೇ ಹಳೆಯ ಏರಿಳಿತ, ಅದೇ ಹಳೆಯ ನಿಲುಗಡೆ. ಇಲ್ಲಿ ಅನ್ನಕ್ಕೆ ಸ್ತೋತ್ರ, ಇಲ್ಲಿ ಮನೆಗೆ, ಇಲ್ಲಿ ನನಗೆ ಎಂದು ನಾನು ಒಂದೊಂದನ್ನೂ ಗುರುತು ಹಿಡಿದೆ. ಅಮ್ಮನನ್ನು ಕೊಟ್ಟದ್ದಕ್ಕಾಗಿ ಸ್ತೋತ್ರ ಎನ್ನುವ ಜಾಗ ಬಂದಾಗ ಧ್ವನಿ ಒಡೆಯಿತು. ಅಲ್ಲಿಯೂ ಅದೇ ಮಾತೇ ಬಂತು, ಬೇಜಾರು ಮಾಡಿಕೊಳ್ಳಬೇಡಿ. ತುಂಬಾ ಹೊತ್ತು ಪ್ರಾರ್ಥಿಸಿದರು. ಸಾರು ಆರಿಹೋಯಿತು. ಮುಗಿಸಿ, ಕಣ್ಣು ತೆರೆದು, ನನ್ನ ಮುಖ ನೋಡುತ್ತಾ ಕಾದರು.

ಆಮೆನ್ ಅಂದೆ, ಅತ್ತೆ.

ನಿಮ್ಮ ಸೊಸೆ,
ಲೀಲಾ